ಮಾವನ ಹೆಸರಿನ ಬ್ಲಾಗು

ನಮ್ಮ ಮನೆಯಲ್ಲಿ ಎಲ್ಲವೂ ಮಾವನ ಹೆಸರಿನಲ್ಲಿದೆ. ಬಾಗಿಲ ಪಕ್ಕದ ಹಿತ್ತಾಳೆ ಫಲಕ, ಕರೆಂಟ್ ಬಿಲ್ಲು, ಗ್ಯಾಸ್ ಕನೆಕ್ಷನ್ನು, ವೈಫೈ, ಕೊನೆಗೆ ಹಾಲಿನ ಪ್ಯಾಕೆಟ್ಟಿಗೆಂದು ಬಾಗಿಲಿಗೆ ನೇತುಹಾಕುವ ಚೀಲದ ಮೇಲೂ ಅವರದೇ ಇನಿಷಿಯಲ್ಲು. ಮದುವೆಯಾಗಿ ಹೈದರಾಬಾದಿಗೆ ಬಂದ ಹೊಸದರಲ್ಲಿ, ಪಾರ್ಸೆಲ್ ತಂದವರು ಬಾಗಿಲಲ್ಲಿ ನಿಂತು ಮಾವನ ಹೆಸರು ಕೂಗಿದರೆ ನಾನು ಅಡುಗೆಮನೆಯಿಂದಲೇ "ವಸ್ತುನ್ನಾ", ಬಂದೆ, ಅನ್ನುತ್ತಿದ್ದೆ. ಆಗ ನನಗೆ ಬರುತ್ತಿದ್ದ ತೆಲುಗು ಅಷ್ಟೇ. ಓಗೊಟ್ಟು ಓಗೊಟ್ಟು ಆ ಹೆಸರು ನನಗೆ ಎಷ್ಟು ರೂಢಿಯಾಯಿತೆಂದರೆ, ಅದು ಒಬ್ಬ ಮನುಷ್ಯನ ಹೆಸರು ಎನ್ನುವುದೇ ಮರೆತು ಮನೆ ನಂಬರಿನ ಹಾಗೆ ಕಾಣತೊಡಗಿತು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲವಾದರೆ ನಾನು ಮಾಡಿಕೊಂಡ ಎಡವಟ್ಟನ್ನು ಓದಿ, ಈಕೆಗೇನು ಕಣ್ಣು ಕಾಣುತ್ತಿರಲಿಲ್ಲವೇ ಎನ್ನುತ್ತೀರಿ. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ನನ್ನದನ್ನೂ ಬರೆಯುವುದಿಲ್ಲ. ಹೆಸರಿನ ಗೊಡವೆ ನನಗೆ ಸಾಕಾಗಿಹೋಗಿದೆ.

ಮಾವ ರಾಯಚೂರು ಕಡೆಯವರು. ಗೂಡ್ಸ್ ಗಾಡಿಯ ಗಾರ್ಡ್ ಆಗಿದ್ದರು. ಗಾಡಿಯ ಕಟ್ಟಕಡೆಯ ಡಬ್ಬಿಯಲ್ಲಿ ಒಬ್ಬರೇ ಕೂತು, ಹಸಿರು ಬಾವುಟ ತೋರಿಸುತ್ತಾ ನೌಕರಿ ಮುಗಿಸಿ, ಹೈದರಾಬಾದಿನ ಮಲ್ಕಾಜ್‌ಗಿರಿಯಲ್ಲಿ ರೈಲು ಹಳಿಗೆ ಬೆನ್ನು ಮಾಡಿ ನಿಂತ ಒಂದು ಕಟ್ಟಡದಲ್ಲಿ ಫ್ಲ್ಯಾಟು ಕೊಂಡು ನೆಲೆನಿಂತರು. ನಮ್ಮವರು, ಅಂದರೆ ಅವರ ಮಗ, ರಕ್ಷಣಾ ಇಲಾಖೆಯ ಒಂದು ಘಟಕದಲ್ಲಿ ಕೆಲಸ ಮಾಡುತ್ತಾರೆ. ಅಲ್ಲಿ ಬೆಳಿಗ್ಗೆ ಗೇಟಿನಲ್ಲೇ ಮೊಬೈಲು ಒಪ್ಪಿಸಿ ಒಳಗೆ ಹೋದರೆ ಮತ್ತೆ ಅದರ ಮುಖ ಕಾಣುವುದು ಸಂಜೆ. ಹೀಗಾಗಿ ಬ್ಯಾಂಕು, ಗ್ಯಾಸು, ರೈಲು ಟಿಕೆಟ್ಟು, ಯಾವುದರದ್ದೇ ಓಟಿಪಿ ಇರಲಿ, ಸದಾ ಮನೆಯಲ್ಲಿರುವ ಮಾವನ ಫೋನಿಗೆ ಬರಬೇಕು ಎಂದು ನಾನು ಬರುವ ಮೊದಲೇ ತೀರ್ಮಾನವಾಗಿತ್ತು. ಮಾವ ಮುಂಬಾಗಿಲಿಗೆ ಎದುರಾಗಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ. ಓಟಿಪಿ ಬಂತೆಂದರೆ ಪ್ಲಾಟ್‌ಫಾರ್ಮಿನಲ್ಲಿ ಗಾಡಿ ಬರುವುದನ್ನು ಸಾರುವವರ ಹಾಗೆ ಒಂದೊಂದೇ ಅಂಕಿಯನ್ನು ಕೂಗಿ ಹೇಳುತ್ತಾರೆ. ಪಕ್ಕದ ಮನೆಯ ತೆಲುಗು ಅಕ್ಕನಿಗೂ ನಮ್ಮ ಓಟಿಪಿಗಳು ಕೇಳಿಸುತ್ತವೆ.

ನನ್ನ ಸಿಮ್ಮು ಇಲ್ಲಿಗೆ ಬಂದ ಕೆಲವೇ ತಿಂಗಳಲ್ಲಿ ರೀಚಾರ್ಜ್ ಇಲ್ಲದೆ ಸತ್ತುಹೋಯಿತು. ಮನ್ಯಾಗ ವೈಫೈ ಐತಲ್ಲ ಎಂದರು ನಮ್ಮವರು. ಮನೆಯಲ್ಲೇ ಇರುವವಳಿಗೆ ಇನ್ನೊಂದು ಖರ್ಚೇಕೆ ಎನ್ನುವುದು ಅದರ ಅರ್ಥ. ಅವರ ಹಳೆಯ ಫೋನು ನನ್ನ ಕೈಗೆ ಬಂತು, ಸಿಮ್ ಇಲ್ಲದ್ದು. ಆ್ಯಪುಗಳು ತೆರೆಯಲೆಂದು ಅದರೊಳಗೆ ಮಾವನ ಇಮೇಲನ್ನೇ ಹಾಕಿಕೊಟ್ಟರು. ನನ್ನವ್ವ ಫೋನ್ ಮಾಡಿದರೂ ಮಾವನ ಫೋನಿಗೇ ಮಾಡಬೇಕು. ಮಾವ ಮಳೆ, ಬೆಳೆ, ಮಂಡಿನೋವು ಎಲ್ಲ ವಿಚಾರಿಸಿ ಆಮೇಲೆ ನನ್ನ ಕೈಗೆ ಕೊಡುತ್ತಿದ್ದರು. ಅವರ ಕುರ್ಚಿಯ ಪಕ್ಕದಲ್ಲೇ ನಿಂತು, ಹೂಂ ಯವ್ವಾ, ಆರಾಮ ಅದೀನಿ ಅನ್ನುತ್ತಿದ್ದೆ. ಬೇರೆ ಏನು ಅನ್ನಲಿ?

ಯಾರೂ ನನ್ನನ್ನು ಬೈಯುತ್ತಿರಲಿಲ್ಲ, ಹಂಗಿಸುತ್ತಿರಲಿಲ್ಲ. ಅದೇ ನನ್ನ ಸಂಕಟವಾಗಿತ್ತು. ದೂರು ಹೇಳಬೇಕೆಂದರೂ ಎದುರಿಗೊಬ್ಬ ಕೆಟ್ಟವನು ಬೇಕಲ್ಲ. ಅತ್ತೆ ನನಗೆ ತಲೆನೋವು ಬಂದರೆ ತಾವೇ ಎಣ್ಣೆ ಹಚ್ಚಿ ತಟ್ಟುತ್ತಿದ್ದರು. ಮಾವ ಪೇಟೆಗೆ ಹೋದರೆ ನನಗೆಂದೇ ಸೀತಾಫಲ ತರುತ್ತಿದ್ದರು. ಆದರೆ ನಾನು ಚಪ್ಪಲಿ ಮೆಟ್ಟಿದ ಸದ್ದಾದರೆ ಸಾಕು, ಎಲ್ಲಿಗವ್ವಾ ಎಂದು ಕೇಳುವರು. ಕೊತ್ತಂಬರಿ ತರಾಕ್ರಿ ಎಂದರೆ ಫ್ರಿಜ್ಜಿನಲ್ಲಿ ಇದೆ ಎಂದು ನೆನಪಿಸುವರು. ಇರುತ್ತಲೂ ಇತ್ತು. ನಾನು ಚಪ್ಪಲಿ ಬಿಟ್ಟು ಒಳಗೆ ಹೋಗುತ್ತಿದ್ದೆ. ಸುಮ್ಮನೆ ರಸ್ತೆಯ ಕೊನೆಯವರೆಗೆ ನಡೆದು ಬರುತ್ತೇನೆ ಎನ್ನಲು ನನಗೆ ನಾಲಿಗೆಯೇ ಏಳುತ್ತಿರಲಿಲ್ಲ. ಕಾರಣವಿಲ್ಲದೆ ಹೊರಗೆ ಹೋಗುವ ಸೊಸೆಯನ್ನು ಆ ಮನೆ ಕಂಡಿರಲಿಲ್ಲ.

ಮದುವೆಗೆ ಮೊದಲು ಬಾಗಲಕೋಟೆ ಕಡೆಯ ಒಂದು ತಾಲೂಕಿನಲ್ಲಿ ಪ್ರಾಥಮಿಕ ಶಾಲೆಯ ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದೆ. ದಿನವಿಡೀ ಗಂಟಲು ಹರಿಯುವ ಹಾಗೆ ಮಾತಾಡಿ ರೂಢಿಯಿದ್ದವಳು. ಇಲ್ಲಿ ನನ್ನ ಕನ್ನಡ ಯಾರಿಗೆ ಬೇಕು? ನಮ್ಮವರೂ ಮನೆಯ ಹೊಸ್ತಿಲು ದಾಟಿದರೆ ತೆಲುಗು, ಹಿಂದಿ. ನಾನು ಅಡುಗೆಮನೆಯ ಕಿಟಕಿಯ ಮುಂದೆ ನಿಂತು ರೊಟ್ಟಿ ಬಡಿಯುತ್ತಾ ಹಿಂದೆ ಹಾದುಹೋಗುವ ಗಾಡಿಗಳನ್ನು ನೋಡುತ್ತಿದ್ದೆ. ಕಿಟಕಿಗೆ ಕಬ್ಬಿಣದ ಸರಳು, ಸರಳಿಗೆ ಪಾರಿವಾಳದ ಬಲೆ, ಅದರಾಚೆ ಗೋಡೆ, ಗೋಡೆಯಾಚೆ ಹಳಿ. ಇಡೀ ಊರಿನಲ್ಲಿ ನನ್ನ ಪಾಲಿಗೆ ಬಂದಿದ್ದ ಜಾಗ ಅಷ್ಟು.

ಒಂದು ಮಧ್ಯಾಹ್ನ ಅತ್ತೆ ಮಾವ ಇಬ್ಬರೂ ಉಂಡು ಅಡ್ಡಾಗಿದ್ದರು. ಚಕ್ಕಲಿ ಹಿಟ್ಟಿನ ಹದ ನೋಡಲು ಫೋನು ಹಿಡಿದರೆ, ಅದರ ಬೆನ್ನಿಗೇ ಇನ್ನೊಂದು ವಿಡಿಯೊ ಬಂತು. ಹೊಸಬರು ಉಚಿತವಾಗಿ ಬ್ಲಾಗು ಶುರುಮಾಡುವುದು ಹೇಗೆ ಎಂದು ಬೆಂಗಳೂರು ಕನ್ನಡದಲ್ಲಿ ಒಬ್ಬಾತ ವಿವರಿಸುತ್ತಿದ್ದ. ಪ್ರತಿ ಎರಡನೇ ಮಾತಿಗೆ, ಸ್ನೇಹಿತರೇ, ಇದೆಲ್ಲಾ ಫ್ರೀ ಎನ್ನುತ್ತಿದ್ದ. ನಿಮ್ಮದೇ ಜಾಗ, ನಿಮ್ಮಿಷ್ಟ, ಯಾರ ಅಪ್ಪಣೆಯೂ ಬೇಡ ಎಂದ. ಚಕ್ಕಲಿ ಮರೆತೆ. ಅವನನ್ನು ನಿಲ್ಲಿಸಿ ನಿಲ್ಲಿಸಿ, ಹಿಂದಕ್ಕೆ ಎಳೆದು ಎಳೆದು, ಅವನು ಹೇಳಿದಂತೆ ಮಾಡುತ್ತಾ ಹೋದೆ.

ಮೊದಲು ಇಮೇಲು ಬೇಕು ಎಂದ. ಪರದೆಯ ಮೇಲೆ ಮಾವನ ಹೆಸರು ಬಂದು, ಇವರಾಗಿ ಮುಂದುವರಿಯಿರಿ ಎಂದು ಕೆಳಗೊಂದು ನೀಲಿ ಗುಂಡಿ ಬಂತು. ಒತ್ತಿದೆ. ಬ್ಲಾಗಿಗೊಂದು ಹೆಸರು ಕೊಡಿ ಎಂದ. 'ಹಸಿರು ಬಾವುಟ' ಎಂದಿಟ್ಟೆ. ವಿಳಾಸ ಆರಿಸಿ ಎಂದ. ಆ ಹೆಸರಿನ ವಿಳಾಸವನ್ನು ಆಗಲೇ ಯಾರೋ ಹಿಡಿದುಕೊಂಡಿದ್ದರು. ಬೇರೆ ಬೇರೆ ತಿರುವಿ ನೋಡಿ ಕೊನೆಗೆ ನಮ್ಮ ಪಿನ್ ಕೋಡನ್ನು ಬಾಲಕ್ಕೆ ಸೇರಿಸಿದ ಮೇಲೆ ಒಪ್ಪಿಕೊಂಡಿತು. ಬಣ್ಣ ಆರಿಸುವಾಗ ಮಾತ್ರ ಸಂತೆಯಲ್ಲಿ ಸೀರೆ ಆರಿಸುವ ಹಾಗೆ ಹೊತ್ತು ತೆಗೆದುಕೊಂಡೆ. ಅಷ್ಟಾಗುವಾಗ ಒಳಗಿನಿಂದ ಅತ್ತೆ ಆಕಳಿಸಿದ ಸದ್ದು ಬಂತು. ಫೋನನ್ನು ರೊಟ್ಟಿ ಬುಟ್ಟಿಯ ಬಟ್ಟೆಯ ಕೆಳಗೆ ತಳ್ಳಿ ಚಹಾಕ್ಕೆ ನೀರಿಟ್ಟೆ. ಸಕ್ಕರೆಯನ್ನು ಎರಡೆರಡು ಸಲ ಹಾಕಿದೆ. ಸಂತೋಷಕ್ಕೋ ಹೆದರಿಕೆಗೋ, ಆಗ ಗೊತ್ತಾಗಲಿಲ್ಲ. ಎರಡೂ ಇರಬೇಕು.

ಬರೆದದ್ದು ಏನನ್ನು? ಕಾಣುತ್ತಿದ್ದದ್ದನ್ನೇ. ಒಬ್ಬ ಹೆಂಗಸು ಕಿಟಕಿಯ ಮುಂದೆ ನಿಂತು ರೊಟ್ಟಿ ಬಡಿಯುತ್ತಾಳೆ. ಉದ್ದದ ಗೂಡ್ಸ್ ಗಾಡಿ ಹೋಗುತ್ತದೆ. ಕೊನೆಯ ಡಬ್ಬಿಯ ಕಟಾಂಜನದಲ್ಲಿ ಗಾರ್ಡು ನಿಂತಿರುತ್ತಾನೆ. ಅವಳು ಹಿಟ್ಟು ಮೆತ್ತಿದ ಕೈ ಎತ್ತುತ್ತಾಳೆ. ಅವನು ಮುಂದೆ ಎಂಜಿನ್ನಿನ ಕಡೆ ನೋಡುತ್ತಿರುತ್ತಾನೆ, ಇವಳನ್ನು ನೋಡುವುದಿಲ್ಲ. ಮರುದಿನ ಇನ್ನೊಂದು ಗಾಡಿ, ಇನ್ನೊಬ್ಬ ಗಾರ್ಡು, ಅವಳು ಮತ್ತೆ ಕೈ ಎತ್ತುತ್ತಾಳೆ. ನಾನು ಎಂದು ಬರೆಯಲು ಧೈರ್ಯ ಸಾಲಲಿಲ್ಲ, ಒಬ್ಬ ಹೆಂಗಸು ಎಂದು ಬರೆದೆ. ಮಧ್ಯಾಹ್ನದ ಹೊತ್ತು ಅಷ್ಟಷ್ಟೇ ಬರೆದು, ಒಂದು ದಿನ ಪ್ರಕಟಿಸಿ ಎನ್ನುವ ಗುಂಡಿಯನ್ನು ಒತ್ತಿದೆ. ಬರಹದ ಕೆಳಗೆ, ಬರೆದವರು ಎಂದು ಮಾವನ ಹೆಸರು ಬಂತು. ನೋಡಿದೆ. ನೋಡಲಿಲ್ಲವೆಂದು ಸುಳ್ಳು ಹೇಳುವುದಿಲ್ಲ. ಗ್ಯಾಸ್ ರಸೀದಿಯ ಮೇಲೆ ನೋಡುವ ಹಾಗೆ ನೋಡಿದೆ. ಮನೆಯ ವೈಫೈನಲ್ಲಿ ಮಾಡಿದ್ದು, ಮನೆಯ ಹೆಸರು ಬಂದಿದೆ ಅಂದುಕೊಂಡೆ. ಇಷ್ಟೇ ನಾನು ಮಾಡಿದ ಎಡವಟ್ಟು.

ಊರಲ್ಲಿ ನನ್ನ ಜೊತೆ ಶಾಲೆಯಲ್ಲಿದ್ದ ಗೆಳತಿಗೆ ಮಾತ್ರ ಬ್ಲಾಗಿನ ಕೊಂಡಿಯನ್ನು ಇಮೇಲಿನಲ್ಲಿ ಕಳಿಸಿದೆ. ಅವಳ ಹೊಟ್ಟೆಯಲ್ಲಿ ಒಂದು ಮಾತು ನಿಲ್ಲುವುದಿಲ್ಲ. ಶಿಕ್ಷಕರ ಗುಂಪಿಗೆ ಹಾಕಿದಳು, ಅಲ್ಲಿಂದ ಎಲ್ಲೆಲ್ಲಿಗೋ ಹೋಯಿತು. ಎರಡು ಮೂರು ಬರಹ ಆಗುವಷ್ಟರಲ್ಲಿ ತಿರುಗಿ ತಿರುಗಿ ಹೈದರಾಬಾದಿನ ನಿವೃತ್ತ ರೈಲ್ವೆ ಕನ್ನಡಿಗರ ಗುಂಪಿಗೇ ಬಂದು ಬಿತ್ತು. ಅಲ್ಲಿ ಮಾವನ ಹೆಸರನ್ನು ಗುರುತಿಸದವರು ಯಾರು?

ಒಂದು ಬೆಳಿಗ್ಗೆ ಮಾವ ಚಹಾ ಕುಡಿಯುತ್ತಿದ್ದಾಗ ಹಳೆಯ ಜೊತೆಗಾರರೊಬ್ಬರ ಫೋನು ಬಂತು. ಮಾವ ಸ್ಪೀಕರು ಹಾಕಿಯೇ ಮಾತಾಡುವವರು. ಸಾಹೇಬ್ರ, ಇಷ್ಟ ದಿನ ಎಲ್ಲಿ ಮುಚ್ಚಿಟ್ಟಿದ್ರಿ ಇದನ್ನ, ಓದಿ ಕಣ್ಣಾಗ ನೀರ ಬಂತು, ಹೆಂಗಸರ ಮನಸ್ಸು ಇಷ್ಟು ಹ್ಯಾಂಗ ಗೊತ್ತಾತು ನಿಮಗ ಎಂದು ಅವರು ಒಂದೇ ಉಸಿರಿಗೆ ಹೇಳಿದರು. ನಾನು ಬಸಿಯಲ್ಲಿ ಖಾರಾ ಹಿಡಿದು ಅಲ್ಲೇ ನಿಂತಿದ್ದೆ. ಮಾವ ಏನೂ ತಿಳಿಯದೆ ನನ್ನ ಮುಖ ನೋಡಿದರು. ನನ್ನ ಮುಖದಲ್ಲೇ ಎಲ್ಲ ಇದ್ದಿರಬೇಕು. ಹಂಗೇನಿಲ್ಲೋ ಮಾರಾಯ ಎಂದು ಮಾತು ಮುಗಿಸಿ, ಫೋನಿಟ್ಟು, ಏನವ್ವಾ ಇದು ಎಂದು ಕೇಳಿದರು. ತೋರಿಸಿದೆ. ಕನ್ನಡಕ ಹಾಕಿಕೊಂಡು ಊಟದ ಹೊತ್ತಿನವರೆಗೆ ಓದಿದರು. ನಾನು ಒಳಗೆ ಬೇಳೆ ತೊಳೆದದ್ದನ್ನೇ ತೊಳೆಯುತ್ತಿದ್ದೆ.

ಬೈಯಲಿಲ್ಲ. ಬಂದು ಅಡುಗೆಮನೆಯ ಬಾಗಿಲಿಗೆ ನಿಂತು, ಕಿಟಕಿಯ ಕಡೆ ನೋಡುತ್ತಾ ಮೆಲ್ಲಗೆ ಹೇಳಿದರು.

"ಛಂದ ಬರದೀಯವ್ವಾ. ನನ್ನ ಹೆಸರಿಲೇ ಇರ್ಲಿ ಇದು. ನಾ ಬರದ್ರ ಕತಿ ಅಂತಾರ. ಸೊಸಿ ಬರದಾಳಂದ್ರ, ಆ ಮನ್ಯಾಗ ಏನೋ ನಡದೈತಿ ಅಂತಾರ."

ಅವರು ಹೇಳಿದ್ದು ನಿಜವಾಗಿತ್ತು. ಅದಕ್ಕೇ ನನಗೆ ಪಿತ್ತ ನೆತ್ತಿಗೇರಿತು. ಸುಳ್ಳು ಹೇಳಿದ್ದರೆ ಜಗಳವಾಡಬಹುದಿತ್ತು. ಕಿಟಕಿಯ ಹೆಂಗಸು ಮಾವನ ಕೈಯಲ್ಲಿದ್ದರೆ ಸಾಹಿತ್ಯ, ನನ್ನ ಕೈಯಲ್ಲಿದ್ದರೆ ಚಾಡಿ. ಸಂಜೆ ನಮ್ಮವರಿಗೆ ಹೇಳಿಕೊಂಡೆ. ಅವರು ಬೂಟು ಬಿಚ್ಚುತ್ತಾ ಏನು ಫರಕು ಬೀಳ್ತದ, ಮನ್ಯಾಗ ಐತಲ್ಲ ಅಂದರು. ಅವರಿಗೆ ಯಾವುದರಲ್ಲೂ ಫರಕು ಬೀಳುವುದಿಲ್ಲ, ಸಾರಿಗೆ ಉಪ್ಪು ಕಡಿಮೆಯಾದರೆ ಮಾತ್ರ ಬೀಳುತ್ತದೆ.

ಆಮೇಲೆ ಮನೆಗೆ ಜನ ಬರತೊಡಗಿದರು. ನಿವೃತ್ತರಾದ ಮೇಲೆ ಮಾವನನ್ನು ಕೇಳಿಕೊಂಡು ಬಂದವರನ್ನು ನಾನು ಕಂಡಿರಲಿಲ್ಲ. ಈಗ ಲಾಲಾಗೂಡದಿಂದ, ಮೌಲಾಲಿಯಿಂದ ಹಳೆಯ ಗಾರ್ಡುಗಳು, ಟಿಕೆಟ್ ಬಾಬುಗಳು ಬಂದು ಕುರ್ಚಿ ಸಾಲದೆ ಮಂಚದ ಮೇಲೆ ಕೂತು, ತಾವು ಕಂಡದ್ದನ್ನೆಲ್ಲ ಹೇಳುತ್ತಿದ್ದರು. ಮಾವನ ಬೆನ್ನು ನೆಟ್ಟಗಾಯಿತು. ದಿನಾ ಗಡ್ಡ ಬೋಳಿಸಿಕೊಂಡು ಕೂರುವುದು ಶುರುವಾಯಿತು. ನಾನು ಚಹಾ ಕೊಡಲು ಹೋದರೆ, ನಿಮ್ಮ ಮಾವಾರು ಭಾಳ ದೊಡ್ಡ ಮನಷ್ಯಾರವ್ವಾ ಎಂದು ನನಗೇ ತಿಳಿಸಿಹೇಳುತ್ತಿದ್ದರು. ಹೌದ್ರಿ ಎಂದು ಖಾಲಿ ಕಪ್ಪು ಎತ್ತಿಕೊಂಡು ಬರುತ್ತಿದ್ದೆ.

ರಾಜ್ಯೋತ್ಸವದ ದಿನ ಕನ್ನಡ ಸಂಘದವರು ಮಾವನನ್ನು ವೇದಿಕೆಗೆ ಕರೆದು ಶಾಲು ಹೊದಿಸಿದರು. ನಾನು ಹೊಸ ಇಳಕಲ್ ಸೀರೆ ಉಟ್ಟು ಅತ್ತೆಯ ಪಕ್ಕ ಕೂತಿದ್ದೆ. ಮಾವ ನನ್ನ ಬರಹವನ್ನು ಓದಿದರು. ಹೇಗೆ ಓದಿಯಾರೋ ಎಂದುಕೊಂಡು ಕೂತವಳಿಗೆ, ಅವರು ಇಷ್ಟು ಚೆನ್ನಾಗಿ ಓದುತ್ತಾರೆಂದು ಗೊತ್ತಿರಲಿಲ್ಲ. ಅವಳು ಕೈ ಎತ್ತುವ, ಅವನು ನೋಡದೆ ಹೋಗುವ ಕಡೆ ಬಂದಾಗ ಅವರು ಓದು ನಿಲ್ಲಿಸಿದರು. ನೀರು ಕುಡಿದು ಮತ್ತೆ ಓದಿದರು. ಸಭೆಯೆಲ್ಲ ಮೂಗು ಒರೆಸಿಕೊಂಡಿತು. ಆ ಗಳಿಗೆಯಲ್ಲಿ ನನಗೆ ಅವರ ಮೇಲೆ ಎಲ್ಲಿಲ್ಲದ ಮಮತೆ ಬಂತು, ಎಲ್ಲಿಲ್ಲದ ಸಿಟ್ಟೂ ಬಂತು. ಚಪ್ಪಾಳೆ ತಟ್ಟಿದೆ. ಅತ್ತೆ ಮಾತ್ರ ಮಡಿಲಲ್ಲಿ ಕೈಯಿಟ್ಟುಕೊಂಡು ಸುಮ್ಮನೆ ಕೂತಿದ್ದರು.

ಅಲ್ಲಿಂದ ಮುಂದೆ ಮಾವ ವಿಷಯ ಕೊಡತೊಡಗಿದರು. ತಾವು ಕಲಿತ ಶಾಲೆಯ ಬಗ್ಗೆ ಬರಿ, ವಾಡಿ ಜಂಕ್ಷನ್ನಿನ ಬಗ್ಗೆ ಬರಿ, ಒಮ್ಮೆ ಗಾಡಿ ಕಾಡಿನ ನಡುವೆ ನಿಂತಾಗ ಏನಾಯಿತು ಬರಿ ಎಂದು ಕುರ್ಚಿಯಲ್ಲಿ ಕೂತು ಹೇಳುವರು, ನಾನು ಕಾಳು ಆರಿಸುತ್ತಾ ಕೇಳಿಕೊಂಡು ಮಧ್ಯಾಹ್ನ ಬರೆಯುವೆ. ಬ್ಲಾಗಿನ ನೆತ್ತಿಯ ಮೇಲೆ ಅವರ ಸಮವಸ್ತ್ರದ ಫೋಟೊ ಬಂತು. ನಾನು ಅಷ್ಟು ಹೊತ್ತು ಆರಿಸಿದ್ದ ಬಣ್ಣ ಫೋಟೊಕ್ಕೆ ಹೊಂದಲಿಲ್ಲವೆಂದು ನಮ್ಮವರು ಒಂದು ಭಾನುವಾರ ಕೂತು ಬದಲಿಸಿಕೊಟ್ಟರು. ಯಾರ ಅಪ್ಪಣೆಯೂ ಬೇಡ ಎಂದಿದ್ದ ಆ ವಿಡಿಯೊದವನು ಸಿಕ್ಕಿದ್ದರೆ ಎರಡು ಮಾತು ಕೇಳುತ್ತಿದ್ದೆ. ಇದ್ದ ಒಂದು ಕಿಟಕಿಯ ಮುಂದೆಯೂ ಮಾವ ಕುರ್ಚಿ ಹಾಕಿಕೊಂಡು ಕೂತಂತೆ ನನಗೆ ಅನ್ನಿಸುತ್ತಿತ್ತು. ರೊಟ್ಟಿ ಬಡಿಯುವಾಗ ಗಾಡಿ ಬಂದರೆ ಅತ್ತ ತಿರುಗಿ ನೋಡುವುದನ್ನೂ ಬಿಟ್ಟೆ.

ಹಾಗೆ ಉಸಿರುಗಟ್ಟಿದ ಒಂದು ದಿನ, ನನ್ನದೇ ಹೆಸರಿನಲ್ಲಿ ಇನ್ನೊಂದು ಬ್ಲಾಗು ಮಾಡಬೇಕೆಂದು ಹಟ ಹುಟ್ಟಿತು. ಅದೇ ವಿಡಿಯೊ, ಅದೇ ಮಧ್ಯಾಹ್ನದ ಹೊತ್ತು. ಈ ಸಲ ಇವರಾಗಿ ಮುಂದುವರಿಯಿರಿ ಎನ್ನುವುದನ್ನು ಬಿಟ್ಟು ಹೊಸ ಇಮೇಲಿಗೆ ಹೋದೆ. ನನ್ನ ಹೆಸರು, ಹುಟ್ಟಿದ ದಿನ, ಪಾಸ್‌ವರ್ಡು ಎಲ್ಲ ಸಲೀಸಾಗಿ ಆಯಿತು. ಆಮೇಲೆ ಫೋನ್ ನಂಬರು ಕೇಳಿತು. ನನ್ನದೊಂದು ನಂಬರು ಎಲ್ಲಿದೆ? ಕೆಲಸದಲ್ಲಿರುವ ನಮ್ಮವರ ಫೋನು ಗೇಟಿನ ಕಪಾಟಿನಲ್ಲಿ. ಅತ್ತೆಗೆ ಫೋನೇ ಇಲ್ಲ. ಕೈಕಾಲು ಕಟ್ಟಿಹಾಕಿದಂತಾಗಿ ಕೂತೆ. ಕೊನೆಗೆ, ಆಗುವುದಾಗಲಿ ಎಂದು ಮಾವನ ನಂಬರನ್ನೇ ಹಾಕಿದೆ.

ಹೊರಗೆ ಟಣ್ ಎಂದಿತು. ಮಾವ ಎದ್ದು ಕೂತದ್ದು ಕೇಳಿಸಿತು. ಅಂಕಿ ಕೂಗಲಿಲ್ಲ. ನಾನೇ ಹೊರಗೆ ಹೋದೆ.

"ಓಟಿಪಿ ಬಂದೈತಿ. ಯಾತಕ್ಕವ್ವಾ ಇದು?"

ಹೊಸ ಇಮೇಲಿಗೆ, ನನ್ನ ಹೆಸರಿನಲ್ಲಿ ಬರೆಯಲಿಕ್ಕೆ ಎಂದೆ. ಅವರು ಫೋನನ್ನು ಎದೆಗೆ ಹಿಡಿದುಕೊಂಡೇ ಕೇಳಿದರು.

"ನನ್ನ ಹೆಸರು ಬ್ಯಾಡಾತೇನು?"

"ನಿಮ್ಮದು ನಿಮಗಿರ್ಲ್ರಿ ಮಾವಾರ. ನನಗ ನನ್ನದೊಂದು ಬೇಕಾಗೇತ್ರಿ."

ಬೇಕು ಎನ್ನುವ ಮಾತನ್ನು ಆ ಮನೆಯಲ್ಲಿ ನಾನು ಆವರೆಗೆ ಉಪ್ಪು, ಎಣ್ಣೆ ಬಿಟ್ಟು ಬೇರೆಯದಕ್ಕೆ ಆಡಿರಲಿಲ್ಲ. ಮಾವ ಎದ್ದುಹೋಗಿ ಒಂದು ಚೊಂಬು ನೀರು ಕುಡಿದು ಬಂದು ಕೂತರು. ಆಮೇಲೆ ಸಾರುವ ದನಿಯಲ್ಲಲ್ಲ, ಕಿವಿಯಲ್ಲಿ ಹೇಳುವಂತೆ ಅಂಕಿಗಳನ್ನು ಓದಿದರು. ಅಷ್ಟರಲ್ಲಿ ಅದರ ಅವಧಿ ಮುಗಿದಿತ್ತು. ಇನ್ನೊಮ್ಮೆ ಕಳಿಸಿ ಎಂದು ಒತ್ತಿದೆ, ಇನ್ನೊಮ್ಮೆ ಓದಿದರು. ಆದರ ಹಸಿರು ಬಾವುಟ ಬಿಡಬ್ಯಾಡವ್ವಾ, ಮಂದಿ ಕೇಳ್ತಾರ ಎಂದು ಹೇಳಿ ಗೋಡೆಯ ಕಡೆ ತಿರುಗಿ ಮಲಗಿದರು. ಬಿಡುವುದಿಲ್ಲ ಎಂದು ಮಾತು ಕೊಟ್ಟೆ.

ಹೀಗೆ ನನ್ನ ಹೆಸರಿನ ಬ್ಲಾಗು ಹುಟ್ಟಿತು. ಬರಹದ ಕೆಳಗೆ ನನ್ನ ಹೆಸರು ನೋಡಿ, ಯಾರದೋ ಎನ್ನಿಸಿ, ಇನ್ನೊಮ್ಮೆ ನೋಡಿದೆ. ಏನು ಬರೆಯಲಿ? ನನಗೆ ಕಾಣುವುದು ಅದೇ ಕಿಟಕಿ. ಈ ಸಲ ಒಬ್ಬ ಹೆಂಗಸು ಎನ್ನಲಿಲ್ಲ, ನಾನು ಎಂದು ಬರೆದೆ. ನಾನು ಕೈ ಎತ್ತುತ್ತೇನೆ, ನನ್ನ ಕೈಗೆ ಹಿಟ್ಟು ಮೆತ್ತಿದೆ, ನನ್ನನ್ನು ಯಾರೂ ನೋಡುವುದಿಲ್ಲ. ಬರೆದು ಹಗುರಾದೆ. ಗೆಳತಿಗೆ ಕಳಿಸಿದೆ, ಅವಳು ಎಂದಿನ ಹಾಗೆ ಎಲ್ಲೆಡೆ ಹರಡಿದಳು.

ಮೊದಲ ಕಾಮೆಂಟು ಬಂದಾಗ ಒಲೆಯ ಮೇಲೆ ರೊಟ್ಟಿಯಿತ್ತು. ಮಾವನ ಗುಂಪಿನ ಹಿರಿಯರೊಬ್ಬರು ನನ್ನ ಹೆಸರು ಹಿಡಿದು ಬರೆದಿದ್ದರು. ಹಿರಿಯರ ಬರಹವನ್ನು ಕದ್ದು ತಮ್ಮ ಹೆಸರು ಹಾಕಿಕೊಳ್ಳುವುದು ನಿಮಗೆ ತರವಲ್ಲ. ಅದೇ ಕಿಟಕಿ, ಅದೇ ಗಾಡಿ, ಅದೇ ಗಾರ್ಡು. ಒಬ್ಬ ಹೆಂಗಸು ಎಂದಿದ್ದ ಕಡೆ ನಾನು ಎಂದು ಮಾಡಿದರೆ ಬರಹ ನಿಮ್ಮದಾಗುವುದಿಲ್ಲ. ಇಂಥದ್ದಕ್ಕೆ ಕಳ್ಳತನ ಎನ್ನುತ್ತಾರೆ.

ಮೊದಲು ನಗು ಬಂತು. ಆಮೇಲೆ ಅಲ್ಲೇ ಒಲೆಯ ಮುಂದೆ ಕೂತು ಅತ್ತುಬಿಟ್ಟೆ. ರೊಟ್ಟಿ ಸೀದು ಕರಿಯಾಯಿತು. ಸೀದ ವಾಸನೆಗೆ ಅತ್ತೆ ಒಳಬಂದರು, ಅವರ ಹಿಂದೆ ಮಾವ ಬಂದರು. ಬಚ್ಚಿಡಲು ಹೋಗಲಿಲ್ಲ, ಫೋನನ್ನು ಮಾವನ ಕೈಗೆ ಕೊಟ್ಟೆ. ಓದಿದವರೇ ಕೆಂಡವಾದರು. ನನ್ನ ಸೊಸಿಗೆ ಕಳ್ಳಿ ಅಂತಾನ ಇವ, ನಾ ಬರೀತೀನಿ ಉತ್ತರಾ ಎಂದು ತಮ್ಮ ಫೋನು ಹಿಡಿದು ಕುರ್ಚಿಯಲ್ಲಿ ಕೂತರು. ಅವರಿಗೆ ಕನ್ನಡ ಟೈಪು ಮಾಡಲು ಬರುವುದು ಒಂದೇ ಬೆರಳಿನಲ್ಲಿ. ಒಂದೊಂದು ಅಕ್ಷರಕ್ಕೂ ಫೋನು ಟಕ್ ಎನ್ನುತ್ತದೆ. ನಾನು ಒಳಗೆ ಹೊಸ ರೊಟ್ಟಿ ಬಡಿಯುತ್ತಾ ಆ ಟಕ್ ಟಕ್ ಕೇಳುತ್ತಿದ್ದೆ. ಈಗ ಹೇಳಿಬಿಡುತ್ತಾರೆ, ಬರೆದದ್ದೆಲ್ಲ ಅವಳೇ ಎಂದು ಒಂದು ಸಾಲು ಬರೆದರೆ ಎಲ್ಲ ಮುಗಿಯುತ್ತದೆ ಎಂದು ನನ್ನ ಮನಸ್ಸು ಕುಣಿಯುತ್ತಿತ್ತು. ಆ ಬೆಳಿಗ್ಗೆಯಷ್ಟು ನಾನು ಮಾವನನ್ನು ಎಂದೂ ನಂಬಿರಲಿಲ್ಲ.

ಆತು ನೋಡವ್ವಾ ಎಂದು ಕರೆದರು. ಹಿಟ್ಟಿನ ಕೈಯಲ್ಲೇ ಹೋದೆ. ಅತ್ತೆ ಬಾಗಿಲ ಬಳಿ ಕೂತು ಪುಂಡಿಪಲ್ಯ ಬಿಡಿಸುತ್ತಿದ್ದರು. ಅವರಿಗೂ ಕೇಳಲೆಂದು ಮಾವ ಗಟ್ಟಿಯಾಗಿ ಓದಿದರು.

"ಈಕೆ ನನ್ನ ಸೊಸೆ. ಕದ್ದಿಲ್ಲ. ಈಕೆಗೆ ಬರೆಯುವುದನ್ನು ನಾನೇ ಕಲಿಸಿದ್ದೇನೆ. ಇನ್ನೂ ಕಲಿಯುತ್ತಿದ್ದಾಳೆ, ಹಿರಿಯರು ಹರಸಬೇಕು."

ಓದಿ ಮುಗಿಸಿ, ಹೆಂಗ ಎನ್ನುವಂತೆ ನನ್ನ ಮುಖ ನೋಡಿದರು. ಅವರ ಮುಖದಲ್ಲಿ ಕಪಟವಿರಲಿಲ್ಲ. ನನ್ನ ಮಾನ ಉಳಿಸಿದ ಸಮಾಧಾನವಿತ್ತು. ಕಳ್ಳಿಯಾಗಿರಬೇಕು ಇಲ್ಲವೇ ಶಿಷ್ಯೆಯಾಗಿರಬೇಕು, ಮೂರನೆಯದೊಂದು ನನಗೆ ಈ ಊರಿನಲ್ಲಿ ಇರಲಿಲ್ಲ. ಇಂಥ ಅಡಕತ್ತರಿಯಲ್ಲಿ ಸಿಕ್ಕಿ ನಿಂತಾಗ ಮಾತಾಡಿದವರು ಅತ್ತೆ. ಎಲೆ ಬಿಡಿಸುತ್ತಲೇ, ತಲೆಯೆತ್ತದೆ ಹೇಳಿದರು.

"ಕಲಿಸೀನಿ ಅಂತ ಬರದೀರಿ. ಇಡೀ ನೌಕರಿಯೊಳಗ ನನಗೊಂದು ಪೋಸ್ಟ್ ಕಾರ್ಡು ಬರೀಲಿಲ್ಲ ನೀವು."

ಮಾವ ಕನ್ನಡಕ ತೆಗೆದರು. ಹಿಂದೆ ಗಾಡಿಯೊಂದು ಹೋಯಿತು. ಆಮೇಲೆ ಮಾವ, ತಗದ್ಬಿಡವ್ವಾ ಅದನ್ನ ಎಂದರು. ಕನ್ನಡಕ ಮಡಚುತ್ತಾ, ಅದರ ಬದಲಿ ಖರೇದ್ದು ಬರೀಲೇನು ಎಂದು ಕೇಳಿದರು. ಕೇಳಿದವರೇ ನನ್ನ ಉತ್ತರಕ್ಕೆ ಕಾಯದೆ ಗೋಡೆಯ ಕಡೆ ನೋಡಿದರು. ಅಲ್ಲಿ ಸಂಘದವರು ಕೊಟ್ಟ, ಶಾಲು ಹೊದಿಸುವಾಗಿನ ಫೋಟೊ ತೂಗಾಡುತ್ತಿತ್ತು.

"ಮಂದ್ಯಾಗ ಶಾಲು ಹೊಚ್ಚ್ಯಾರಲ್ಲವ್ವಾ ನನಗ" ಎಂದರು.

ಬರೆಯಿರಿ ಎನ್ನಬಹುದಿತ್ತು. ಆ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು. ಆದರೆ ಅವರು ದಿನಾ ಗಡ್ಡ ಬೋಳಿಸಿಕೊಂಡು ಜನರ ದಾರಿ ಕಾಯುವುದು ನನ್ನ ಕಣ್ಣಿಗೆ ಕಟ್ಟಿತು. ಇರ್ಲಿ ಬಿಡ್ರಿ ಮಾವಾರ ಎಂದುಬಿಟ್ಟೆ. ಅತ್ತೆ ನನ್ನ ಕಡೆ ಒಮ್ಮೆ ನೋಡಿ ಎಲೆಗಳನ್ನು ತೊಳೆಯಲು ಎದ್ದುಹೋದರು.

ಕೈ ತೊಳೆದು ಬಂದು ನನ್ನ ಬ್ಲಾಗು ತೆರೆದೆ. ಮಾವನ ಕಾಮೆಂಟಿನ ಪಕ್ಕದ ಕಸದ ಬುಟ್ಟಿಯ ಗುರುತನ್ನು ಒತ್ತಿ ಅದನ್ನು ಅಳಿಸಿದೆ. ಹಸಿರು ಬಾವುಟ ಈಗಲೂ ನಡೆಯುತ್ತಿದೆ, ಕೊಟ್ಟ ಮಾತಿನಂತೆ ಬರೆಯುತ್ತಿದ್ದೇನೆ. ನನ್ನ ಬ್ಲಾಗಿನಲ್ಲಿ ಹಿರಿಯರು ಬರೆದಿದ್ದ ಆ ಮೊದಲ ಕಾಮೆಂಟನ್ನೂ ಅಳಿಸಬಹುದಿತ್ತು. ಅದರ ಮೇಲೂ ಬೆರಳು ಹೋಗಿತ್ತು. ಆದರೆ ಆ ಹಿರಿಯರು ನನ್ನ ಹೆಸರನ್ನು ಒಂದು ಅಕ್ಷರವೂ ತಪ್ಪದೆ, ಪೂರ್ತಿಯಾಗಿ ಬರೆದು, ಆಮೇಲೆ ಕಳ್ಳತನ ಎಂದಿದ್ದರು. ಹಾಗೇ ಬಿಟ್ಟೆ. ಈ ಮನೆಯಲ್ಲಿ ನನ್ನ ಹೆಸರಿಗೆ ಬಂದಿರುವುದು ಅದೊಂದೇ.